ಹಂಪಮ್ಮನ ಬೇವಿನ ಫೋಟೊ

ಸಿರಿಗೇರಿಯ ಹಂಪಮ್ಮನ ಹರೆಯದ ಫೋಟೊ ಅಂತ ಇದ್ದದ್ದು ಒಂದೇ. ಅದೂ ಅವಳ ಹತ್ತಿರ ಇರಲಿಲ್ಲ. ಕುರುಗೋಡು ಗುಡ್ಡದ ಬುಡದಲ್ಲಿ ಸಾಲುಸಾಲು ಎಳೆ ಬೇವು. ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಲಿಕೆ ಹಿಡಿದು, ಕ್ಯಾಮೆರಾವನ್ನೇ ದುರುಗುಟ್ಟಿ ನೋಡುವ ಹೆಣ್ಣು. ಹಿಂಬದಿಯಲ್ಲಿ 'ನೆಡುತೋಪು, ೧೯೮೬' ಎಂದಿತ್ತು.

ಕಾಡು, ಹೊಲಗಳ ಹಳೆಯ ಫೋಟೊ ಕೂಡಿಹಾಕಿ, ಹಿಂದೆ ಮರವಿದ್ದಲ್ಲಿ ಮತ್ತೆ ಗಿಡ ನೆಡುವುದು ಬಳ್ಳಾರಿಯ ನಮ್ಮ ಸಣ್ಣ ಸಂಘದ ಕೆಲಸ. ಈ ಫೋಟೊ ಹುಡುಕಿದ್ದೂ ನಾನೇ, ಹಂಪಮ್ಮನನ್ನು ಪತ್ತೆ ಹಚ್ಚಿದ್ದೂ ನಾನೇ. ಬೀಗುವುದಕ್ಕೆ ಇನ್ನೇನು ಬೇಕು? ನನ್ನ ಮಾತು ನಂಬಿ ಸಂಘದ ಅಧ್ಯಕ್ಷ ಅಮರೇಶ್ ಅದೇ ಜಾಗಕ್ಕೆ ಎಂಟುನೂರು ಸಸಿ ತರಿಸಿದ.

ಹಂಪಮ್ಮ ಸಾಲಿ ಮೆಟ್ಟಿಲು ಹತ್ತಿದವಳಲ್ಲ. ಮದುವೆಯಾದ ವರ್ಷವೇ ಸಸಿ ಬೆಳೆಸುವ ಕೂಲಿಗೆ ಸೇರಿ, ಮೂವತ್ತು ವರ್ಷ ಸಸಿಯ ಪ್ಲಾಸ್ಟಿಕ್ ಪಾಕೀಟಿಗೆ ಮಣ್ಣು ತುಂಬಿದಳು. ಎಲೆ ಮುಟ್ಟಿದರೆ ಸಾಕು, ಯಾವ ಸಸಿ ಬದುಕುತ್ತದೆಂದು ಹೇಳುತ್ತಾಳೆ. ಯಾರ ಮುಲಾಜೂ ಇಟ್ಟುಕೊಂಡವಳಲ್ಲ.

ನೆಡುವ ದಿನ ಅವಳನ್ನೇ ಮುಖ್ಯ ಅತಿಥಿ ಮಾಡಿದೆವು. ಆಳೆತ್ತರಕ್ಕೆ ಹಿಗ್ಗಿಸಿದ ಫೋಟೊದ ಮುಂದೆ ಅವಳು ಬಹಳ ಹೊತ್ತು ನಿಂತಳು. ಅಮರೇಶ್ ಶಾಲು ಹಿಡಿದು ಬಂದ.

"ಸಾರ್, ತಡೀರಿ. ಈ ಫೋಟೊದಾಗಿನವು ಗಿಡ ಅಲ್ರಿ, ಟೊಂಗಿ."

"ಅಂದ್ರ, ಅಮ್ಮಾ?"

"ಇಲ್ಲಿ ನೆಟ್ಟ ಸಸಿ ಒಂದೂ ಬದುಕಲಿಲ್ರಿ. ನಾಳಿ ಫೋಟೊದವ್ರು ಬರ್ತಾರ ಅಂತ ಮೇಸ್ತ್ರಿ ಗಾದೆಪ್ಪ ಬಾಯಿ ಬಡಕೊಂಡ. ಊರಾಗಿನ ಬೇವಿನ ಟೊಂಗಿ ಕಡದು ತಂದು ಹುಗಿದ್ವಿ. ನಾನೂ ಹುಗದೀನಿ. ಎಲಿ ನೋಡ್ರಿ, ಹ್ಯಾಂಗ ಜೋತುಬಿದ್ದಾವ."

ನೋಡಿದೆ. ಹೌದು, ಜೋತುಬಿದ್ದಿದ್ದವು. ತಿಂಗಳುಗಟ್ಟಲೆ ಆ ಫೋಟೊ ನೋಡಿದ್ದೆ, ಕಂಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಇಷ್ಟು ಮಂದಿ ಮುಂದ ಈಗ ಹೇಳ್ತೀರೇನ್ರಿ ಇದನ್ನ?" ಎಂದೆ.

"ಮತ್ತ ಸಸಿ ಒಣಗಿದ ಮ್ಯಾಲ ಹೇಳ್ಲೇನು? ಹಾರಿ ಹಾಕಿ ನೋಡ್ರಿ."

ಅಮರೇಶ್ ತಾನೇ ಹಾರೆ ಎತ್ತಿ ಹಾಕಿದ. ಗೇಣು ಇಳಿಯುವಷ್ಟರಲ್ಲಿ ಠಣ್ ಎಂದಿತು. ಇನ್ನೊಂದು ಕಡೆ ಹಾಕಿದ, ಅಲ್ಲೂ ಬಂಡೆ. ಸುಮ್ಮನಿದ್ದಿದ್ದರೆ ಶಾಲು, ಹಾರ, ಚಪ್ಪಾಳೆ ಎಲ್ಲ ಅವಳದಾಗುತ್ತಿತ್ತು. ಸಸಿ ಸತ್ತ ಮೇಲೆ ತಪ್ಪನ್ನು ಬಿಸಿಲಿನ ಮೇಲೆ ಹಾಕಿ ನಾವೂ ಕೈತೊಳೆದುಕೊಳ್ಳುತ್ತಿದ್ದೆವು.

ಹಂಪಮ್ಮ ಮುಂದೆ, ನಾವು ಹಿಂದೆ. ಅರ್ಧ ಮೈಲಿ ನಡೆಸಿ ಹಳ್ಳದ ದಂಡೆಗೆ ಕರೆದೊಯ್ದಳು. ಅಲ್ಲಿ ತೆಕ್ಕೆಗೆ ಸಿಗದಷ್ಟು ದಪ್ಪನೆಯ ಬೇವುಗಳಿದ್ದವು. ಆಗ ಗುಡ್ಡದ ಬುಡದಲ್ಲಿ ನೆಟ್ಟು ಉಳಿದ ಸಸಿ ಬಿಸಾಡಲು ಮನಸ್ಸಾಗದೆ ಕೂಲಿ ಹೆಂಗಸರು ಊಟದ ಹೊತ್ತಿನಲ್ಲಿ ನೆಟ್ಟವಂತೆ. ಫೋಟೊದವರು ಅತ್ತ ಸುಳಿದಿರಲೇ ಇಲ್ಲ. ಎಂಟುನೂರು ಸಸಿಗೂ ಅವುಗಳ ಆಚೀಚೆಯೇ ಗುಂಡಿ ತೋಡಿದೆವು.

ಸಂಜೆ ಫೋಟೊ ಬಿಚ್ಚಲು ಹೋದ ನನ್ನನ್ನು ಹಂಪಮ್ಮ ಗದರಿದಳು.

"ಯಾಕ ತೆಗೀತಿ? ಅದರಾಗ ನಾ ಖರೇನ ಅದೀನಿ. ಕೆಳಗ ಬರಿ: ಈಕಿ ಹಂಪಮ್ಮ, ಗಿಡ ಸುಳ್ಳು."