ಬಸ್ ಸಿಗದವರನ್ನು ಯಾರು ಕೇಳಿದರು?

ವಿಜಯನಗರದ ಕೋಚಿಂಗ್ ಸೆಂಟರಿನಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಗ, ಪ್ರಬಂಧದಲ್ಲಿ ಅಂಕಿ ಅಂಶ ತುಂಬಿದಷ್ಟೂ ಮಾರ್ಕ್ಸ್ ಬರುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಒಂದು ದಿನ ಮಾದರಿ ಪರೀಕ್ಷೆಗೆ ಬಂದ ವಿಷಯ, ನಗರಕ್ಕೆ ಈಗಿರುವ ಬಸ್ಸುಗಳು ಸಾಕೇ ಎಂಬುದು. ಸಾಕು ಎಂದು ವಾದಿಸಿ, ಸಾಕ್ಷಿಗೆ ಯಾವುದೋ ಸಮೀಕ್ಷೆಯ ಶೇಕಡಾವಾರು ಲೆಕ್ಕ ಬರೆದು ಅಡಿಗೆರೆ ಎಳೆದಿದ್ದೆ.

ಪೇಪರ್ ತಿದ್ದುತ್ತಿದ್ದ ಮೇಡಂ ಕರೆದರು.

“ಮುಕ್ಕಾಲು ಪಾಲು ಜನ ಖುಷಿಯಾಗಿದಾರೆ ಅಂತ ಬರ್ದಿದೀರಲ್ಲ, ಅವರನ್ನ ಎಲ್ಲಿ ಕೇಳಿದ್ರಂತೆ?”

“ಬಸ್ಸಲ್ಲೇ ಮೇಡಂ.”

“ನೀವು ಇವತ್ತು ಯಾಕೆ ಲೇಟಾಗಿ ಬಂದ್ರಿ?”

“ನಮ್ಮ ಉಲ್ಲಾಳ ಸ್ಟಾಪಲ್ಲಿ ಬಸ್ಸೆಲ್ಲ ಫುಲ್ಲಾಗಿತ್ತು, ನಿಲ್ಲಿಸ್ಲೇ ಇಲ್ಲ. ಕೊನೆಗೆ ಆಟೋ ಹಿಡ್ಕೊಂಡು ಬಂದೆ.”

“ಹಂಗಾದ್ರೆ ನಿಮ್ಮನ್ನ ಯಾರೂ ಕೇಳಿಲ್ಲ.”

ನಾನು ಪೆನ್ ತೆಗೆದೆ. “ಆ ಲೆಕ್ಕ ಹೊಡೆದು ಹಾಕ್ಲಾ ಮೇಡಂ?”

“ಬೇಡ ಕಣ್ರೀ, ಲೆಕ್ಕ ಸುಳ್ಳಲ್ಲ. ಆದ್ರೆ ಅದು ಬಸ್ ಹತ್ತಿದೋರ ಮಾತು ಅಷ್ಟೇ. ಅದನ್ನ ಮೊದಲು ಹೇಳಿ, ಆಮೇಲೆ ನಿಮ್ಮ ವಾದ ಮಾಡಿ.”

ಪರೀಕ್ಷೆಯಲ್ಲಿ ನನ್ನ ಕೈ ಹಿಡಿದಿದ್ದು ಅದೇ ಮಾತು. ಆಕೆಗೆ ಇವತ್ತಿಗೂ ನಾನು ಋಣಿ. ಈಗ ಯಾವ ಅಂಕಿ ಕಂಡರೂ, ಅಡಿಗೆರೆ ಎಳೆಯುವ ಮೊದಲು, ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಹುಡುಕುತ್ತೇನೆ.

ಕೋರ್ಸಿನ ಕೊನೆಯ ದಿನ ಸೆಂಟರಿನವರು ನಮ್ಮ ಅಭಿಪ್ರಾಯ ಕೇಳಿ ಫಾರಂ ಹಂಚಿದ್ದರು. ಮೇಡಂ ಪಾಠ ತುಂಬಾ ಚೆನ್ನಾಗಿತ್ತು ಎಂದು ಮನಸಾರೆ ಬರೆದೆ. ತಲೆಯೆತ್ತಿ ನೋಡಿದರೆ ಅರ್ಧಕ್ಕರ್ಧ ಬೆಂಚುಗಳು ಖಾಲಿ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: “ಮಧ್ಯದಲ್ಲೇ ಬಿಟ್ಟು ಹೋದವರನ್ನೂ ಕೇಳಿ.”

ಅದಕ್ಕಾದರೂ ಮೇಡಂ ಪೂರ್ತಿ ಮಾರ್ಕ್ಸ್ ಕೊಟ್ಟಿರಬೇಕು.