ಸಿಸ್ಟರ್ ಇದ್ದ ಸಾಲುಮನೆ

ನಾನು ಹಲ್ಲಿನ ಸೆಟ್ ಮಾಡುವವಳು. ಶಿವಬಸವ ನಗರದ ನಮ್ಮ ಮನೆಯ ಹಿಂಭಾಗದ ಖೋಲಿಯೇ ನನ್ನ ಲ್ಯಾಬು. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ತಕ್ಕ ಹಲ್ಲು, ವಸಡು ಕೂಡಿಸಿ ಕೊಡುತ್ತೇನೆ. ನನ್ನ ಕೈ ಒಳ್ಳೆಯದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಉಳಿದ ಪ್ಲಾಸ್ಟರು, ತುಂಡು ತಂತಿ, ಪಿಂಗಾಣಿ ಪುಡಿ ಏನೇ ಇರಲಿ, ಬಿಸಾಡಲು ಮನಸ್ಸು ಬಾರದೆ ಅದರಲ್ಲಿ ಪುಟ್ಟ ಸಾಮಾನು ಮಾಡಿ ಕಿಟಕಿಯಲ್ಲಿಡುತ್ತೇನೆ. ಬೆರಳ ತುದಿಯಷ್ಟು ಒಲೆ, ಅದರ ಮೇಲೊಂದು ಬೋಗುಣಿ, ಬೀಸುವ ಕಲ್ಲು, ಕಪಾಟು.

ಕೆಳಗಿನ ಸೆಟ್ಟು ಸಡಿಲಾಗಿ ಮಾತಾಡುವಾಗ ಕುಣಿಯುತ್ತದೆ ಎಂದು ಒಬ್ಬ ಹಿರಿಯ ಹೆಂಗಸು ಒಂದು ದಿನ ನೇರವಾಗಿ ನನ್ನ ಬಳಿಗೇ ಬಂದರು. ಅನಗೋಳದಲ್ಲಿ ಒಬ್ಬರೇ ಇರುವ, ನಿವೃತ್ತರಾದ ನರ್ಸು. ಓಣಿಯಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಅವರು ಸೆಟ್ಟನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟವರು ಕಿಟಕಿಯ ಕಡೆ ನೋಡುತ್ತ ನಿಂತುಬಿಟ್ಟರು.

"ಇವನ್ನ ಯಾರ ಮಾಡ್ಯಾರ?"

"ನಾನ ಮಾಡೇನ್ರಿ."

"ನಮ್ಮ ಮನ್ಯಾಗ ಒಂದು ಮನಿ ಮುರದು ಬಿದ್ದೈತಿ. ಗೊಂಬಿ ಮನಿ. ರಿಪೇರಿ ಮಾಡಿ ಕೊಡ್ತೀಯೇನು?"

"ಕೊಡ್ತೀನ್ರಿ," ಎಂದೆ. ಮನೆ ಹೇಗಿದೆ, ಎಷ್ಟು ದೊಡ್ಡದು, ಒಂದೂ ಕೇಳಲಿಲ್ಲ. ಕೇಳಬೇಕು ಅನ್ನಿಸಲೇ ಇಲ್ಲ.

ಅದು ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಯ ಮಾದರಿ, ಬಿಡಿ ಭಾಗಗಳನ್ನು ನಾವೇ ಕೂಡಿಸಿಕೊಳ್ಳುವ ಕಿಟ್ಟು. ಇಂಗ್ಲೆಂಡಿನ ಉತ್ತರದ ಒಂದು ಊರಿನ ಆಸ್ಪತ್ರೆಯಲ್ಲಿ ಸಿಸ್ಟರ್ ಹಲವು ವರ್ಷ ಕೆಲಸ ಮಾಡಿದ್ದರು. ಬಿಟ್ಟು ಬರುವಾಗ ವಾರ್ಡಿನ ಗೆಳತಿಯರು ಸೇರಿ ಕೊಟ್ಟ ಉಡುಗೊರೆ ಇದು. ಊರಿಗೆ ಬಂದು ಕೂಡಿಸಲು ಶುರು ಮಾಡಿದ್ದರಂತೆ. ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದರು. ಅರ್ಧ ಕೂಡಿಸಿದ ಮನೆ ಅಟ್ಟ ಸೇರಿತು. ನಮ್ಮ ಬೆಳಗಾವಿಯ ಮಳೆಗಾಲದ ಥಂಡಿ ಎಷ್ಟೋ ವರ್ಷ ಅದರೊಳಗೆ ಇಳಿದಿತ್ತು.

ಸರಿಮಾಡಿದ ಸೆಟ್ಟು ಕೊಡಲು ಅನಗೋಳಕ್ಕೆ ಹೋದವಳು ಮನೆಯನ್ನು ಆಟೋದಲ್ಲಿ ಇಟ್ಟುಕೊಂಡು ಬಂದೆ. ಮುಂಭಾಗದ ಹಲಗೆ ಹಪ್ಪಳದ ಹಾಗೆ ಬಾಗಿತ್ತು. ಮೆಟ್ಟಿಲು ಇರಲಿಲ್ಲ. ಹೊರಚಾಚಿದ ಕಿಟಕಿಯ ಚೌಕಟ್ಟುಗಳು ಕಳಚಿ ಡಬ್ಬಿಯ ತಳದಲ್ಲಿ ಬಿದ್ದಿದ್ದವು. ಹೇಗೆ ಕೂಡಿಸಬೇಕೆಂದು ತಿಳಿಸುವ ಹಾಳೆಯನ್ನು ಹುಳ ಜಾಲರಿ ಮಾಡಿಟ್ಟಿತ್ತು. ಡಬ್ಬಿಯ ಮೇಲಿನ ಬಣ್ಣದ ಚಿತ್ರ ಮಾತ್ರ ಚೆನ್ನಾಗಿತ್ತು: ಕೆಂಪು ಇಟ್ಟಿಗೆಯ ಮೂರಂತಸ್ತಿನ ಇಕ್ಕಟ್ಟು ಮನೆ, ಒಳಗೆ ತೂಗುದೀಪದ ಝುಂಬರು, ಪಿಯಾನೊ, ಹೂವಿನ ಗೋಡೆಕಾಗದ. ಎರಡೂ ಬಾಜು ಒಂದೂ ಕಿಟಕಿಯಿಲ್ಲ, ಯಾಕೆಂದರೆ ಅಲ್ಲಿ ಅಕ್ಕಪಕ್ಕದ ಮನೆಗಳ ಗೋಡೆ ಬರುತ್ತದೆ. ಅನಗೋಳದ ಹಳೇ ಗಲ್ಲಿಗಳಲ್ಲೂ ಹಾಗೇ ತಾನೆ.

ಮೊದಲು ಎಲ್ಲವನ್ನೂ ಬಿಚ್ಚಿದೆ. ಬಿಸಿ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಹಳೇ ಅಂಟಿನ ಮೇಲೆ ಹಾಕಿ ಕಾಯ್ದರೆ ಅದು ಮೆತ್ತಗಾಗಿ ಬಿಡುತ್ತದೆ. ಮನೆಯೆಲ್ಲ ಉಪ್ಪಿನಕಾಯಿಯ ವಾಸನೆ. ಬಾಗಿದ ಹಲಗೆಯ ಒಳಮೈಯನ್ನು ಒದ್ದೆ ಮಾಡಿ, ಸಪಾಟು ನೆಲದ ಮೇಲಿಟ್ಟು, ಪ್ಲಾಸ್ಟರಿನ ಚೀಲಗಳನ್ನು ಹೇರಿದೆ. ಒಂದು ಮೂಲೆ ಸೀಳಿತು. ಸೀಳಿದ್ದಕ್ಕೆ ತೆಳ್ಳಗೆ ಅಂಟು ಕುಡಿಸಿ ಒತ್ತಿಟ್ಟೆ, ಈಗ ಎಲ್ಲಿ ಸೀಳಿತ್ತು ಎಂದು ನನಗೂ ತೋರಿಸಲು ಬಾರದು. ಮೆಟ್ಟಿಲನ್ನು ಹೊಸದಾಗಿ ಕತ್ತರಿಸಿದೆ. ಅದರ ಕಟಕಟೆಗೆ ಹಲ್ಲಿನ ಕೊಕ್ಕೆಗೆ ಬಳಸುವ ತಂತಿ ಬಂತು. ಛಾವಣಿಯಂಚಿನ ಹೂಬಳ್ಳಿಯ ಒಂದು ತುಂಡು ಉಳಿದಿತ್ತು, ಬಾಯಿಯ ಅಚ್ಚು ತೆಗೆಯುವ ಹಾಗೆ ಅದರ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಉದ್ದಕ್ಕೂ ಕೂಡಿಸಿದೆ. ಕೆಳಗಿನ ಹಾಲಿಗೂ ಮೇಲಿನ ಖೋಲಿಗೂ ಹೂವಿನ ಕಾಗದ ಮುದ್ರಿಸಿ ತಂದು ಅಂಟಿಸಿದೆ. ಪಿಯಾನೊದ ಬಿಳಿ ಕೀಗಳನ್ನು ಕೂಡಿಸುವಾಗ, ಚಿತ್ರಕ್ಕಿಂತ ನನ್ನದೇ ಚಂದ ಆಗುತ್ತಿದೆ ಅನ್ನಿಸಿತು.

ಆಗ ಸಿಸ್ಟರ್ ಅವರನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿ ಒಂದೊಂದು ಖೋಲಿಯನ್ನೂ ನೋಡಿದರು.

"ಕೆಲಸ ಭಾಳ ಛಲೋ ಆಗೇತಿ," ಎಂದರು. ಆಮೇಲೆ ಕುರ್ಚಿಯಲ್ಲಿ ಕುಳಿತು, "ಆದ್ರ ನಾ ಇದ್ದ ಮನಿ ಇದಲ್ಲವಾ," ಎಂದರು.

"ನೀವು ಇಂಥಾ ಮನ್ಯಾಗ ಇದ್ರೇನ್ರಿ?"

"ಇಂಥಾದ್ರಾಗ ಇದ್ದೆ. ಹೊರಗಿಂದ ಹಿಂಗ ಇತ್ತು. ಒಳಗ ಬ್ಯಾರೆ. ನಾವು ಆರು ಮಂದಿ ಬಾಡಿಗಿ ಇದ್ದಿವಿ, ಮಾಲಕಿ ಮುದುಕಿ ಒಬ್ಬಾಕಿ. ಪಿಯಾನೊ ಎಲ್ಲಿಂದ ತರ್ತಿ?"

ನನಗೆ ಒಂದು ಕ್ಷಣ ಸಿಟ್ಟು ಬಂತು. ಇಷ್ಟು ದಿನ ಸುಮ್ಮನಿದ್ದು ಈಗ ಹೇಳುತ್ತಾರಲ್ಲ ಎಂದು. ಆದರೆ ಖೋಟಾ ಹಲ್ಲು ಮಾಡುವವರಿಗೆ ಒಂದು ಅಭ್ಯಾಸ ಬಿದ್ದಿರುತ್ತದೆ. ಎಷ್ಟೇ ಸುಂದರವಾಗಿ ಮಾಡಿದರೂ ಆ ಬಾಯಿಗೆ ಕೂಡಲಿಲ್ಲವೆಂದರೆ ಅದನ್ನು ಮತ್ತೆ ಮಾಡಬೇಕು, ವಾದ ಮಾಡಿ ಉಪಯೋಗವಿಲ್ಲ. ಪಿಯಾನೊ ಎತ್ತಿ ನನ್ನ ಕಿಟಕಿಯಲ್ಲಿಟ್ಟೆ. "ಹಂಗಾರ ನೀವಿದ್ದ ಮನಿ ಹೇಳ್ರಿ, ಅದನ್ನ ಮಾಡೂಣು," ಎಂದೆ.

ಅಂದಿನಿಂದ ಭಾನುವಾರ ಬಂದರೆ ಸಿಸ್ಟರ್ ಬರುತ್ತಿದ್ದರು. ನಾನು ಕೆಲಸ ಮಾಡುತ್ತಿದ್ದೆ, ಅವರು ಚಹಾ ಕುಡಿಯುತ್ತ ಹೇಳುತ್ತಿದ್ದರು. ಹೂವಿನ ಕಾಗದವನ್ನು ಕೆರೆದು ತೆಗೆದು, ಚಹಾದ ಡಿಕಾಕ್ಷನ್ ಹಚ್ಚಿದ ಮಾಸಲು ಕಾಗದ ಅಂಟಿಸಿದೆ. ಅಡಿಗೆಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಕಪಾಟು ಬಂತು, ಅವರವರ ಕಪಾಟಿಗೆ ಅವರವರ ಡಬ್ಬಿ. ಸಿಸ್ಟರ್ ಅವರ ಕಪಾಟಿನಲ್ಲಿ ಜೋಳದ ಹಿಟ್ಟಿನ ಚೀಲ ಇರಲೇಬೇಕಂತೆ. ಊರಿಂದ ಒಯ್ದ ಹಿಟ್ಟು ಮುಗಿಯುವವರೆಗೆ ಹಬ್ಬ, ಆಮೇಲೆ ಬ್ರೆಡ್ಡು. ಒಂದೇ ಬಚ್ಚಲು, ಅದಕ್ಕೆ ನಾನು ಬಿಳಿ ಅಕ್ರಿಲಿಕ್ಕಿನಲ್ಲಿ ಉದ್ದನೆಯ ತೊಟ್ಟಿ ಎರಕ ಹೊಯ್ದೆ. ಕೈತೊಳೆಯುವ ಬೇಸಿನ್ನು ಹಲ್ಲಿನ ಪಿಂಗಾಣಿಯದು, ನನ್ನ ಭಟ್ಟಿಯಲ್ಲೇ ಸುಟ್ಟದ್ದು. ಒಂದು ಬದಿಗೆ ಸಣ್ಣ ಬಿರುಕು ಬಂತು. ಬೇರೆ ಮಾಡುತ್ತೇನೆಂದರೆ ಸಿಸ್ಟರ್ ಬಿಡಲಿಲ್ಲ, ಅಲ್ಲಿಯದೂ ಸೀಳಿತ್ತಂತೆ.

ಅಟ್ಟದ ಖೋಲಿ ಸಿಸ್ಟರ್ ಅವರದು. ಇಳಿಜಾರು ಛಾವಣಿ, ಮಂಚದಿಂದ ಎದ್ದರೆ ತಲೆಗೆ ಬಡಿಯುತ್ತಿತ್ತಂತೆ. ಗೋಡೆಯಲ್ಲಿ ಗ್ಯಾಸಿನ ಹೀಟರು, ಅದರೆದುರು ಒಣಗಲು ಹಾಕಿದ ಯೂನಿಫಾರ್ಮು. ಹೀಟರಿನ ಕಾದ ಕೆಂಪು ಹೇಗೆ ಬರಿಸುವುದು ಎಂದು ಬಹಳ ಯೋಚಿಸಬೇಕಾಗಲಿಲ್ಲ. ವಸಡಿಗೆ ಬಳಸುವ ಗುಲಾಬಿ ಅಕ್ರಿಲಿಕ್ಕನ್ನು ತೆಳ್ಳಗೆ ತೇಯ್ದು, ಹಿಂದೆ ಸಾಸಿವೆಯಷ್ಟು ಬಲ್ಬು ಇಟ್ಟೆ. ಸ್ವಿಚ್ಚು ಹಾಕಿದಾಗ ಸಿಸ್ಟರ್ ತಮಗೆ ಗೊತ್ತಿಲ್ಲದೆ ಎರಡೂ ಅಂಗೈ ಮುಂದೆ ಚಾಚಿದರು, ಆಮೇಲೆ ನಕ್ಕು ಹಿಂದೆ ತೆಗೆದುಕೊಂಡರು.

ಮುಂಬಾಗಿಲಿನ ಬಣ್ಣ ಮಾತ್ರ ಕೂಡಿ ಬರಲಿಲ್ಲ. ನಾನು ಹಚ್ಚಿ ತೋರಿಸಿದ ಹಸಿರು ಹಸಿರಾಯಿತು, ನೀಲಿ ನೀಲಿಯಾಯಿತು. ಅವರಿಗೆ ಎರಡರ ನಡುವಿನದು ಬೇಕು. ಕೊನೆಗೆ ಅವರನ್ನು ಕರೆದುಕೊಂಡು ಆಟೋ ನಗರಕ್ಕೆ ಹೋದೆ. ಅಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಒಬ್ಬರು ನಮ್ಮ ಪರಿಚಯದವರು.

"ಯಾವ ಗಾಡಿಗ್ರೀ ಅಕ್ಕಾರ?" ಎಂದರು.

"ಗಾಡಿಗಲ್ರಿ, ಬಾಗಲಿಗೆ."

"ಎಷ್ಟ ದೊಡ್ಡ ಬಾಗಲಾ?"

ಪರ್ಸಿನಿಂದ ತೆಗೆದು ಅಂಗೈ ಮೇಲಿಟ್ಟೆ. ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು, ಕೈ ಒರೆಸಿಕೊಂಡು ಡಬ್ಬಿಯ ಮುಚ್ಚಳದ ಮೇಲೆ ಬಣ್ಣ ಕಲಸತೊಡಗಿದರು. ಸಿಸ್ಟರ್ ಪಕ್ಕದಲ್ಲೇ ನಿಂತು "ಇನ್ನೊಂದೀಟು ಕರೇದು ಹಾಕ್ರಿ. ಸಾಕ್ರಿ. ಹಾಂ, ಇದ ನೋಡ್ರಿ" ಎಂದರು. ಅಲ್ಲೇ ಹೊಡೆಸಿಕೊಂಡು, ಒಣಗುವವರೆಗೆ ಒಂದು ಹಳೇ ಟೈರಿನ ಮೇಲೆ ಕುಳಿತೆವು.

ಹೊಗೆಕೊಳವೆಗಳ ಬಾಯಿಗೆ ಮಣ್ಣಿನ ಕುಂಡ ಬೇಕಿತ್ತು. ಅದಕ್ಕೆ ಕುಂಬಾರಿಕೆಗೆ ಹೆಸರಾದ ಖಾನಾಪುರಕ್ಕಿಂತ ಒಳ್ಳೆಯ ಜಾಗ ಬೇರೆ ಯಾವುದಿದೆ. ಸಿಸ್ಟರ್ ಅವರ ತವರೂ ಅದೇ ಊರು, ಅಲ್ಲಿ ತಮ್ಮನ ಸಂಸಾರವಿದೆ. ತಮ್ಮನ ಮನೆಗೆ ಹೋದಾಗ ಅವರೇ ಕುಂಬಾರರಿಗೆ ಹೇಳಿ, ಗುಬ್ಬಿ ನೀರು ಕುಡಿಯುವಷ್ಟು ಚಿಕ್ಕ ಕುಂಡಗಳನ್ನು ಸುಡಿಸಿ ತಂದರು. ಕರಿ ಛಾವಣಿಯ ಮೇಲೆ ಆ ಕೆಂಪು ಕೂತಮೇಲೆ ಹೊರಗಿನ ಕೆಲಸ ಮುಗಿಯಿತು.

ಉಳಿದದ್ದು ಕೆಳಗಿನ ಮುಂದಿನ ಖೋಲಿ, ಬೀದಿಗೆ ಹೊರಚಾಚಿದ ಕಿಟಕಿ ಇರುವಂಥದ್ದು. ಮನೆಯಲ್ಲೇ ದೊಡ್ಡದು.

"ಇಲ್ಲಿ ಏನೇನಿತ್ರಿ?" ಎಂದು ಕೇಳಿದೆ.

"ಗೊತ್ತಿಲ್ಲ," ಎಂದರು ಸಿಸ್ಟರ್. "ಅದು ಮಾಲಕಿ ಖೋಲಿ. ಬಂದ ಮಂದಿನ್ನ ಕುಂದ್ರಸಾಕ ಇಟ್ಟಿದ್ಲು. ನಾವು ಬಂದ ಮಂದಿ ಅಲ್ಲಲಾ. ಅಷ್ಟ ವರ್ಷ ಇದ್ರೂ ಒಮ್ಮಿನೂ ಒಳಗ ಬಾ ಅನ್ಲಿಲ್ಲ. ಬಾಗಲಾ ಸಂದ್ಯಾಗ ಒಂದ ಸಲ ಗಡಿಯಾರ ಕಂಡಿತ್ತು. ನೀ ಆ ಬಾಗಲಾ ಹಾಕೇ ಬಿಡು."

"ಬಾಗಲಾ ಹಾಕಬಹುದ್ರಿ. ಆದ್ರ ಮನಿ ಮುಂದಿನ ಹಲಗಿ ತೆಗದ್ರ ಎಲ್ಲಾ ಖೋಲಿನೂ ಕಾಣ್ತಾವ. ಇದೊಂದು ಖಾಲಿ ಕಾಣ್ತೈತಿ."

"ಖಾಲಿ ಕಾಣ್ಲಿ."

"ಮಂದಿ ಕೇಳ್ತಾರಲ್ರಿ, ಯಾಕ ಖಾಲಿ ಐತಿ ಅಂತ."

ಅವರು ಅರ್ಧ ಚಹಾ ಹಾಗೇ ಬಿಟ್ಟು ಹೋದರು. ಮುಂದಿನ ಭಾನುವಾರ ಬರಲೂ ಇಲ್ಲ. ನಾನು ಫೋನು ಮಾಡಲಿಲ್ಲ. ಬಂದೇ ಬರುತ್ತಾರೆಂದು ನನಗೆ ನಂಬಿಕೆಯಿತ್ತು. ಆ ಖೋಲಿಯ ನೆಲವನ್ನು ಪಾಲಿಶ್ ಮಾಡಿಟ್ಟೆ, ಏನೇ ಇಟ್ಟರೂ ನೆಲ ಬೇಕಲ್ಲ.

ಆಮೇಲಿನ ವಾರ ಬಂದವರು ಬಾಗಿಲಲ್ಲೇ ಒಂದು ಕೈಚೀಲ ನನ್ನ ಕೈಗಿಟ್ಟರು. ಒಳಗೆ ತಾಯಿಯ ಹಳೇ ಓಢಣಿಯ ತುಂಡು, ಕೆಂಪು ನೀಲಿ ಪಟ್ಟೆಯ ಜಮಖಾನದ ಅಂಚು, ಒಂದಿಷ್ಟು ಅರಳೆ.

"ಆ ಖೋಲ್ಯಾಗ ನಮ್ಮ ಮನಿ ಮಂದಿನ್ನ ಕುಂದ್ರಸ್ತೀನಿ," ಎಂದರು. "ನಾ ಅಲ್ಲಿ ಇರೂತನಕಾ ಊರಿಂದ ಯಾರೂ ಬರ್ಲಿಲ್ಲ. ನಮ್ಮ ತಮ್ಮ ಒಮ್ಮೆ ಬರ್ತೀನಿ ಅಂದಿದ್ದ. ನಾನ ಬ್ಯಾಡ ಅಂದೆ. ಬಂದ್ರ ಎಲ್ಲಿ ಕುಂದ್ರಸ್ಲಿ? ಅಟ್ಟದ ಮ್ಯಾಲ ಗಂಡಸರನ್ನ ಬಿಡ್ತಿರ್ಲಿಲ್ಲ."

ಆ ದಿನ ಇಬ್ಬರೂ ಕೂಡಿ ಕೆಲಸ ಮಾಡಿದೆವು. ಜಮಖಾನ ನೆಲಕ್ಕೆ ಹಾಸಿದೆವು. ಗೋಡೆಗುಂಟ ಗಾದಿ, ಅದರ ಮೇಲೆ ಓಢಣಿಯ ಬಟ್ಟೆಯ ಲೋಡುಗಳು. ಲೋಡುಗಳನ್ನು ಹೊಲಿದವರು ಸಿಸ್ಟರ್, ಆಸ್ಪತ್ರೆಯಲ್ಲಿ ಗಾಯ ಹೊಲಿದ ಕೈ, ಹೊಲಿಗೆ ಒಂದೂ ಕಾಣುವುದಿಲ್ಲ. ನಾನು ಪಿಂಗಾಣಿಯಲ್ಲಿ ಚಹಾದ ಕಪ್ಪು-ಬಸಿ ಸುಟ್ಟು ಕೊಟ್ಟೆ, ಹಿತ್ತಾಳೆಯ ತಗಡಿನಲ್ಲಿ ಎಲೆಯಡಿಕೆಯ ಡಬ್ಬಿ ಬಡಿದೆ. ಗಡಿಯಾರ ಇಡಲೇನು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಇಡು," ಎಂದರು, "ಅದು ಇತ್ತು ಖರೇ." ಮಾಲಕಿಯ ಗಡಿಯಾರದ ಕೆಳಗೆ ಖಾನಾಪುರದ ಲೋಡುಗಳು ಕೂತವು. ಯಾವ ಚಿತ್ರದಲ್ಲೂ ಇಂಥ ಖೋಲಿ ಇರಲಿಕ್ಕಿಲ್ಲ. ನಾನು ಮಾಡಿದ ಕೆಲಸಗಳಲ್ಲಿ ಅದು ಬಹಳ ಒಳ್ಳೆಯದು ಎಂದು ಈಗಲೂ ಹೇಳುತ್ತೇನೆ.

ಮನೆ ಇರಬೇಕಾದದ್ದು ಖಾನಾಪುರದಲ್ಲಿ ಎಂದು ಸಿಸ್ಟರ್ ಮೊದಲೇ ನಿರ್ಧರಿಸಿದ್ದರು. ಒಂದು ಸಾಮಾನು ಗಾಡಿ ಹೇಳಿ, ಗಾದಿ ಹಾಸಿ, ಮನೆಯನ್ನು ನಡುವೆ ಕಟ್ಟಿ ಹೊರಟೆವು. ದಾರಿಯುದ್ದಕ್ಕೂ ನಾನು ಹಿಂದೆ ಕುಳಿತು ಛಾವಣಿ ಹಿಡಿದುಕೊಂಡಿದ್ದೆ. ತಗ್ಗು ಬಂದಲ್ಲೆಲ್ಲ ಮೆಟ್ಟಿಲು ಕುಣಿದ ಸದ್ದು ಕೇಳುತ್ತಿತ್ತು. ಇಳಿಸಿ ನೋಡಿದಾಗ ಬಚ್ಚಲಿನ ತೊಟ್ಟಿಯೊಂದೇ ಜರುಗಿತ್ತು.

ತಮ್ಮನ ಮನೆಯ ಹಾಲಿನಲ್ಲಿ ಮೇಜಿನ ಮೇಲಿಟ್ಟು ಮುಂದಿನ ಹಲಗೆ ತೆರೆದೆ. ತಮ್ಮ ಎಪ್ಪತ್ತರ ಹತ್ತಿರದವರು, ಬಾಗಿಲ ದಾರಂದದ ಬಳಿ ಕೈಕಟ್ಟಿ ನಿಂತಿದ್ದರು. ಅವರ ಹೆಂಡತಿ ಹತ್ತಿರ ಬಂದು ಬಗ್ಗಿ ನೋಡಿದರು. ಅವರ ಮನೆಮಾತು ಉರ್ದು, ನಾನಿದ್ದೇನೆಂದು ಇಬ್ಬರೂ ಕನ್ನಡದಲ್ಲೇ ಮಾತಾಡಿದರು.

"ಆಪಾ, ಇದರಾಗ ನಿಮ್ಮ ಖೋಲಿ ಯಾವುದು?" ಎಂದು ತಮ್ಮನ ಹೆಂಡತಿ ಕೇಳಿದರು. ಅವರಲ್ಲಿ ಅಕ್ಕನಿಗೆ ಆಪಾ ಎನ್ನುತ್ತಾರೆ.

ಸಿಸ್ಟರ್ ಅಟ್ಟ ತೋರಿಸಿದರು. ನಾನು ಹೀಟರಿನ ಸ್ವಿಚ್ಚು ಹಾಕಿದೆ. ತಮ್ಮ ಆಗ ದಾರಂದ ಬಿಟ್ಟು ಬಂದು ನೆಲದ ಮೇಲೆ ಕುಳಿತು, ಕತ್ತೆತ್ತಿ ಆ ಇಳಿಜಾರು ಖೋಲಿಯನ್ನು ಬಹಳ ಹೊತ್ತು ನೋಡಿದರು.

"ಇಷ್ಟ ಸಣ್ಣ ಖೋಲ್ಯಾಗ ಇದ್ದಿಯೇನು? ನಾವು ಬಂಗ್ಲೆ ಅಂತ ತಿಳ್ಕೊಂಡಿದ್ವಿ."

"ಸಣ್ಣದ. ಆದ್ರ ಕೀಲಿ ನನ್ನ ಕೈಯಾಗಿತ್ತು," ಎಂದರು ಸಿಸ್ಟರ್. "ಛಲೋ ಇತ್ತು."

ತಮ್ಮ ಕೆಳಗಿನ ಲೋಡುಗಳ ಖೋಲಿಗೆ ಕಣ್ಣಿಳಿಸಿದರು. ಓಢಣಿಯ ಬಟ್ಟೆಯ ಗುರುತು ಹತ್ತಿತು. ಬೆರಳ ತುದಿಯಿಂದ ಒಂದು ಲೋಡನ್ನು ಮುಟ್ಟಿದರು, ಅದು ಯಾಕೆ ಅಲ್ಲಿದೆ ಎಂದು ಕೇಳಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ, "ಅಲ್ರಿ ಆಪಾ, ಇಷ್ಟ ಮಂದಿ ಅರಬಿ ಎಲ್ಲಿ ಒಗಿತಿದ್ರಿ? ಒಣಗಸೂದು ಎಲ್ಲಿ?" ಎಂದರು.

ಸಿಸ್ಟರ್ ಕುರ್ಚಿ ಎಳೆದುಕೊಂಡು ಹೇಳಲು ಶುರು ಮಾಡಿದರು. ಬೀದಿಯ ತುದಿಯಲ್ಲಿದ್ದ ಒಗೆಯುವ ಯಂತ್ರಗಳ ಅಂಗಡಿ, ಹಿಮ ಬಿದ್ದ ದಿನ ಒದ್ದೆ ಬಟ್ಟೆಯ ಚೀಲ ಹೊತ್ತು ಜಾರಿದ್ದು, ಅಲ್ಲೇ ಬೆಚ್ಚಗಿರುತ್ತದೆಂದು ಕುಳಿತು ಪರೀಕ್ಷೆಗೆ ಓದಿದ್ದು. ಬೀದಿಯ ಹೆಸರು, ಗೆಳತಿಯರ ಹೆಸರು ಎಲ್ಲ ಬಂದವು. ಈ ಮನೆಯಲ್ಲಿ ಅವರು ಈ ಮಾತು ಎಂದೂ ಆಡಿರಲಿಲ್ಲವೆಂದು ತಮ್ಮನ ಹೆಂಡತಿ ಆಮೇಲೆ ಊಟ ಬಡಿಸುವಾಗ ನನಗೆ ಹೇಳಿದರು. ಯಾರೂ ಕೇಳಿರಲೂ ಇಲ್ಲ, ಏನು ಕೇಳಬೇಕೆಂದು ಗೊತ್ತಿರಲಿಲ್ಲ.

ನಾನು ಜರುಗಿದ ತೊಟ್ಟಿಯನ್ನು ಅಂಟಿಸಿ, ಬಾಗಿಲಿನ ಬಿಜಾಗರಿಗೆ ಒಂದು ಹನಿ ಎಣ್ಣೆ ಬಿಟ್ಟು, ಉಂಡು, ಬೆಳಗಾವಿಯ ಬಸ್ಸಿಗೆ ಹೊರಟೆ. ಕಳಿಸಲು ತಮ್ಮನ ಹೆಂಡತಿ ಬಾಗಿಲವರೆಗೆ ಬಂದರು. ಸಿಸ್ಟರ್ ಎದ್ದು ಬರಲಿಲ್ಲ. ಆಸ್ಪತ್ರೆಯ ಮೊದಲ ರಾತ್ರಿ ಪಾಳಿಯ ಕಥೆ ನಡುವಿಗೆ ಬಂದಿತ್ತು, ತಮ್ಮ ಎದುರಿಗೆ ಕುಳಿತು ಕೇಳುತ್ತಿದ್ದರು. ಸಿಸ್ಟರ್ ನನ್ನ ಕಡೆ ಕೈ ಎತ್ತಿ, ಮಾತು ಮುಂದುವರಿಸಿದರು.