ಕಂಡವರ ಹೊಲದಲ್ಲಿ ಅತ್ತ ಪಂಢರಿ

ಜನವಾಡದ ನಮ್ಮ ಓಣಿಯಲ್ಲಿ ರೈತ ಎಂದರೆ ಪಂಢರಿ. ಹಾಗೆಂದು ನಾವು ಯಾರೂ ಹೇಳುವುದಿಲ್ಲ, ಸಾಕ್ಷ್ಯಚಿತ್ರಗಳು ಹೇಳುತ್ತವೆ. ಭಾಲ್ಕಿಯ ಬತ್ತಿದ ಬಾವಿಯ ಕಟ್ಟೆಯ ಮೇಲೆ ಕೂತು ನಿಟ್ಟುಸಿರು ಬಿಟ್ಟವನು ಇವನೇ, ಔರಾದದಲ್ಲಿ ಆಲಿಕಲ್ಲು ಬಿದ್ದ ಹೊಲದಲ್ಲಿ ಹಣೆಗೆ ಕೈ ಹಚ್ಚಿಕೊಂಡು ನಿಂತವನೂ ಇವನೇ. ಆ ಎರಡೂ ಕಡೆ ಇವನಿಗೆ ಗೇಣು ಭೂಮಿ ಇಲ್ಲ. ಇರುವುದು ಮುಖ ಮಾತ್ರ. ಉದ್ದನೆಯ, ಸುಕ್ಕುಗಟ್ಟಿದ ಮುಖ. ಹೊಟ್ಟೆತುಂಬ ಉಂಡು ತೇಗಿದಾಗಲೂ ಉಪವಾಸ ಇದ್ದವನ ಹಾಗೆ ಕಾಣುತ್ತಾನೆ. ಯಾವ ಮಾತಿಗೆ ಗಂಟಲು ಕಟ್ಟಬೇಕು, ಯಾವಾಗ ಮುಗಿಲು ನೋಡಬೇಕು, ಎಲ್ಲ ಅವನಿಗೆ ಬಾಯಿಪಾಠ.

ಅವನದೇ ಮೂರು ಎಕರೆ ಊರ ಪಕ್ಕದಲ್ಲೇ ಇದೆ. ಅದನ್ನು ಬಿತ್ತುವವಳು, ಕಳೆ ತೆಗೆಯುವವಳು, ರಾಶಿ ಮಾಡುವವಳು ಹೆಂಡತಿ ಶಾಲುಬಾಯಿ. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂದು ನಮ್ಮವ್ವ ಅವನ ಎದುರೇ ಅನ್ನುತ್ತಾಳೆ. ಅವನು ಅದಕ್ಕೂ ಹಣೆಗೆ ಕೈ ಹಚ್ಚುತ್ತಾನೆ.

ಹೋದ ಮಳೆಗಾಲದಲ್ಲಿ ಮುಗಿಲೇ ಹರಿದುಬಿತ್ತು. ಹತ್ತು ದಿನ ನಿಂತ ನೀರಲ್ಲಿ ಶಾಲುಬಾಯಿಯ ಸೋಯಾ ಕೊಳೆಯಿತು, ಉಳಿದದ್ದಕ್ಕೆ ಕಾಯಿಯಲ್ಲೇ ಮೊಳಕೆ ಬಂತು. ಅವತ್ತು ಅವಳು ಬದುವಿನ ಮೇಲೆ ಒಬ್ಬಳೇ ಕೂತು ಅತ್ತಳು. ನಾನು ನೋಡಿದ್ದೇನೆ. ಅಲ್ಲಿ ಕ್ಯಾಮೆರಾ ಇರಲಿಲ್ಲ, ಹಾಗಾಗಿ ಪಂಢರಿಯೂ ಇರಲಿಲ್ಲ.

ನೀರು ಇಳಿದ ಮೇಲೆ ಬೀದರದಿಂದ ಅಮರನಾಥನ ಫೋನು ಬಂತು. ಪುಣೆಯಲ್ಲಿ ಸಿನಿಮಾ ಕಲಿತು ಬಂದವನು. ಅತಿವೃಷ್ಟಿಯ ಮೇಲೆ ಚಿತ್ರ ತೆಗೆಯುತ್ತಿದ್ದ. ಕೊಳೆತ ಬೆಳೆ ಹಾಗೇ ಇರಲಿ, ಡ್ರೋನು ಬರಲು ಹದಿನೈದು ದಿನ ಬೇಕು ಅಂದ. ಒಂದು ಕಡ್ಡಿಯನ್ನೂ ಮುಟ್ಟುವುದಿಲ್ಲ ಎಂದು ಪಂಢರಿ ಮಾತು ಕೊಟ್ಟ. ಸ್ವಂತ ಹೊಲದಲ್ಲಿ ಅಳುವ ಯೋಗ ಅವನಿಗೆ ಮೊದಲ ಸಲ ಬಂದಿತ್ತು.

ಶಾಲುಬಾಯಿಗೆ ಇನ್ನು ಉಳಿದದ್ದು ಕಡಲೆಯೊಂದೇ. ನೆಲದಲ್ಲಿ ಹದ ಇದ್ದಾಗ ಬಿತ್ತಿದರೆ ಬಂತು, ಆರಿದರೆ ವರ್ಷಪೂರ್ತಿ ಬರಿಗೈ. ಗಂಡನಿಗೆ ತಿಳಿಸಿ ಹೇಳಿದಳು. ರೈತರ ಕಣ್ಣೀರು ಲೋಕಕ್ಕೆ ಗೊತ್ತಾಗಬೇಕು ಎಂದು ಅವನು ಅವಳಿಗೇ ಭಾಷಣ ಮಾಡಿದ.

"ಲೋಕ ನೋಡ್ಲಿರಿ, ನಾ ಯಾಕ ಬ್ಯಾಡ ಅನ್ಲಿ," ಅಂದಳು. "ಆದ್ರ ಹದ ಡ್ರೋನಿನ ದಾರಿ ಕಾಯಂಗಿಲ್ರಿ."

ಏಳನೆಯ ದಿನ ಪಂಢರಿ ಚಿತ್ರಕ್ಕೆಂದೇ ಬಿಟ್ಟ ಗಡ್ಡವನ್ನು ಅಮರನಾಥನಿಗೆ ತೋರಿಸಲು ಬೀದರಕ್ಕೆ ಹೋದ. ಅವನ ಬಸ್ಸು ಹೊರಟದ್ದೇ ತಡ, ಶಾಲುಬಾಯಿ ಪಕ್ಕದ ಓಣಿಯ ಸರ್ದಾರನ ಟ್ರ್ಯಾಕ್ಟರ್ ಕರೆಸಿದಳು. ಸಂಜೆ ಅವನು ಗಡ್ಡ ನೀವಿಕೊಳ್ಳುತ್ತ ಬರುವಷ್ಟರಲ್ಲಿ ಹೊಲ ಸ್ವಚ್ಛವಾಗಿ ಬಿತ್ತನೆಯೂ ಮುಗಿದಿತ್ತು.

ಡ್ರೋನು ಬಂದ ದಿನ ಸಾಲುಗಳಲ್ಲಿ ಹಸಿರು ಇಣುಕುತ್ತಿತ್ತು. ಅಮರನಾಥನ ಮುಖ ಸಣ್ಣದಾಯಿತು. ಒಂದು ಮೂಲೆಯಲ್ಲಾದರೂ ಮೊದಲಿನ ಹಾಗೆ ಮಾಡಲು ಆಗುತ್ತದೆಯೇ ಎಂದು ಕೇಳಿದ.

"ನೀರು ನಿಂತಾಗ ಬರಬೇಕಿತ್ರಿ," ಅಂದಳು ಶಾಲುಬಾಯಿ. "ಈಗ ಬದುವಿನ ಮ್ಯಾಲ ನಿಂದರ್ರಿ, ಬೆಳಿ ತುಳಿಬ್ಯಾಡ್ರಿ."

ಚಿತ್ರದವರು ಪಂಢರಿಯನ್ನು ಕಾರಿಗೆ ಹಾಕಿಕೊಂಡು ಔರಾದದ ಕಡೆ ಹೋದರು. ಅಲ್ಲೊಂದು ಕೊಳೆತ ಹೊಲ ಸಿಕ್ಕಿತು. ಪಂಢರಿ ಚೆನ್ನಾಗಿ ಅತ್ತ. ಇನ್ನೊಂದು ಸಲ ಅಳುತ್ತೇನೆಂದು ತಾನೇ ಕೇಳಿಕೊಂಡನಂತೆ. ಹೊಲದ ಯಜಮಾನ ಕ್ಯಾಮೆರಾದ ಹಿಂದೆ ಸುಮ್ಮನೆ ನಿಂತಿದ್ದ. ಅವನದು ದುಂಡು ಮುಖ, ಅದರಲ್ಲಿ ದುಃಖ ಕಾಣುವುದಿಲ್ಲವಂತೆ. ಇದನ್ನು ಪಂಢರಿಯೇ ಬಂದು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ಫೆಬ್ರುವರಿ ಕೊನೆಗೆ ಬೀದರದಲ್ಲಿ ಚಿತ್ರ ತೋರಿಸಿದರು. 'ತನ್ನ ಹೊಲದಲ್ಲಿ ರೈತ ಪಂಢರಿ' ಎಂದು ಪರದೆಯ ಮೇಲೆ ಬಂತು. ಜನ ಕಣ್ಣೊರೆಸಿಕೊಂಡರು. ಎಲ್ಲ ಗೊತ್ತಿದ್ದ ನಾನೂ ಒರೆಸಿಕೊಂಡೆ, ನಾಚಿಕೆಗೇಡು. ಪಂಢರಿಗೆ ಶಾಲು ಹೊದಿಸಿದರು. ಈಶ್ವರಿ ಎಂಬ ಕಾಲೇಜು ಹುಡುಗಿ ಎದ್ದು ನಿಂತು, ನಿಮ್ಮ ಹೊಲದಲ್ಲಿ ಈಗ ಏನಿದೆ ಎಂದು ಕೇಳಿದಳು.

ಪಂಢರಿ ರೂಢಿಯಂತೆ ಮುಗಿಲು ನೋಡಿದ. ಅಲ್ಲಿ ಫ್ಯಾನು ತಿರುಗುತ್ತಿತ್ತು.

"ಕಡ್ಲಿ ಅದರಿ," ಅಂದ. "ಈಗ ಹೂ ಬಿಟ್ಟದ."

ಮೂರನೆಯ ಸಾಲಿನಿಂದ ಶಾಲುಬಾಯಿ ಮೆಲ್ಲಗೆ ಎದ್ದಳು.

"ರಾಶಿ ಆಗಿ ನಾಕ ದಿವ್ಸ ಆತ್ರಿ. ಚೀಲ ನೀವು ಮಲಗೋ ಮಂಚದ ಬಾಜೂಕೇ ಅವ."